ಎಣಿಸದ ಕೋತಿಯ ಪರ ವಕಾಲತ್ತು

ಮುದುಮಲೈ ಕಾಡಿನಲ್ಲಿ ಹುಲಿಗೆ ಲೆಕ್ಕವಿದೆ. ನಾಲ್ಕು ವರ್ಷಕ್ಕೊಮ್ಮೆ ದೇಶದುದ್ದಕ್ಕೂ ನಡೆಯುವ ಗಣತಿಯಲ್ಲಿ ಕ್ಯಾಮೆರಾಗಳು ತೆಗೆದ ಚಿತ್ರದ ಪಟ್ಟೆಗಳನ್ನು ಹೋಲಿಸಿ ಒಂದೊಂದು ಹುಲಿಯನ್ನೂ ಗುರುತಿಸುತ್ತಾರೆ. ಆನೆಗೂ ಲೆಕ್ಕವಿದೆ. ಮುಕುರ್ತಿಯ ಕಡಿದಾದ ಬಂಡೆಗಳ ಮೇಲೆ ಮೇಯುವ ಕಾಡುಮೇಕೆ ನೀಲಗಿರಿ ತಾರ್‌ಗೆ ತಮಿಳುನಾಡು ಸರ್ಕಾರ ಪ್ರತ್ಯೇಕ ಯೋಜನೆಯನ್ನೇ ಮಾಡಿದೆ. 2024ರ ಗಣತಿಯಲ್ಲಿ ರಾಜ್ಯದಾದ್ಯಂತ 1,031, ಮರುವರ್ಷ 1,303 ತಾರ್‌ಗಳು ಸಿಕ್ಕವು. ಮರಗಳಿಗೂ ಲೆಕ್ಕವಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೈಯೊಳಗೆ 50 ಹೆಕ್ಟೇರ್ ಜಾಗ ಗುರುತು ಮಾಡಿ, ಒಂದು ಸೆಂಟಿಮೀಟರ್‌ಗಿಂತ ದಪ್ಪವಿರುವ ಪ್ರತಿಯೊಂದು ಗಿಡಕ್ಕೂ ಸಂಖ್ಯೆ ಕೊಟ್ಟು, ಅದು ಬೆಳೆಯಿತೇ, ಬೆಂಕಿಗೆ ಸುಟ್ಟಿತೇ, ಆನೆ ಮುರಿಯಿತೇ ಎಂದು ಅಂದಿನಿಂದ ಬರೆದಿಡುತ್ತಾ ಬಂದಿದ್ದಾರೆ. ಇಷ್ಟೆಲ್ಲ ಲೆಕ್ಕವಿರುವ ನೀಲಗಿರಿ ಜಿಲ್ಲೆಯಲ್ಲಿ, ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವ ಪ್ರತಿ ಪ್ರವಾಸಿಗೂ ಕಾಣಸಿಗುವ, ಚೆಕ್‌ಪೋಸ್ಟಿನ ಕಟ್ಟೆಯ ಮೇಲೆ ಕೂತು ಬಾಳೆಹಣ್ಣಿಗೆ ಕೈಚಾಚುವ ಮಾಮೂಲಿ ಕೋತಿ ಮಾತ್ರ ಆ ಸಾಲಿಗೆ ಸೇರಿಲ್ಲ. ಎತ್ತರದ ಹಳ್ಳಗಳ ಶೋಲಾ ಕಾಡಿನ ಕರಿಮುಸುವನ (ನೀಲಗಿರಿ ಲಂಗೂರ್) ಪಾಡೂ ಹೆಚ್ಚುಕಡಿಮೆ ಅಷ್ಟೇ. ಕೋತಿಯ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದೆ. ಪ್ರವಾಸಿಗೆ ಅದು ಮೋಜು, ಕೇತಿಯ ಕ್ಯಾರೆಟ್ ಬೆಳೆಗಾರನಿಗೆ ಪೀಡೆ, ಭಕ್ತನಿಗೆ ಆಂಜನೇಯ, ಪುರಸಭೆಗೆ ತಲೆನೋವು. ಅಭಿಪ್ರಾಯ ಇಷ್ಟು ಧಾರಾಳವಾಗಿಯೂ ಅಂಕಿ ಇಷ್ಟು ವಿರಳವಾಗಿಯೂ ಇರುವ ಕಡೆ ಕೈಗೊಳ್ಳುವ ನಿರ್ಧಾರಗಳು ಕೆಡುತ್ತವೆ ಎಂಬುದು ನನ್ನ ವಾದ. ಕಾಡುಪ್ರಾಣಿಯ ಪರವಾಗಿ ಬದುಕಿಡೀ ದನಿಯೆತ್ತುವವರಿಗೆ ದನಿಗಿಂತ ಮೊದಲು ಬೇಕಾದದ್ದು ವರ್ಷದಿಂದ ವರ್ಷಕ್ಕೆ ಬಿಡದೆ ನಡೆಸಿದ ಎಣಿಕೆ. ನೀಲಗಿರಿಯಲ್ಲಿ ಆ ಎಣಿಕೆಯನ್ನು ಅಪರೂಪದ ಪ್ರಾಣಿಗಿಂತ ಮೊದಲು ಮಾಮೂಲಿ ಪ್ರಾಣಿಯಿಂದ ಶುರುಮಾಡಬೇಕು.

ನೀಲಗಿರಿಗೆ ವಾನರ ಅಧ್ಯಯನ ಹೊಸದಲ್ಲ. ಅಮೆರಿಕದ ಫ್ರಾಂಕ್ ಪೊಯ್ರಿಯೆ 1965–66ರಲ್ಲಿ ಇಲ್ಲಿ ಕರಿಮುಸುವಗಳ ಹಿಂಡುಗಳ ಬೆನ್ನುಹತ್ತಿ, ಅವುಗಳ ಸಂಸಾರ, ಆಹಾರ, ಹಿಂಡು ಒಡೆಯುವ ಬಗೆ ಎಲ್ಲವನ್ನೂ ದಾಖಲಿಸಿದರು. ಅದಕ್ಕೂ ಕೆಲವು ವರ್ಷ ಮೊದಲು ಪಾಲ್ ಸೈಮಂಡ್ಸ್ ಮೈಸೂರು ಸೀಮೆಯ ಕೋತಿಗಳನ್ನು ನೋಡಿದ್ದರು. ಜಪಾನಿನ ಯುಕಿಮಾರು ಸುಗಿಯಾಮಾ 1961ರಿಂದ ಎರಡು ವರ್ಷ ನಮ್ಮ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸುವಗಳ ಹಿಂದೆ ಅಲೆದರು. ಧಾರವಾಡದಲ್ಲಿ ಅವರು ಕಂಡದ್ದು ಆ ಕಾಲದ ವಿಜ್ಞಾನಕ್ಕೆ ಅರಗದ ಸಂಗತಿ: ಹೊರಗಿನಿಂದ ಬಂದ ಗಂಡು ಹಿಂಡಿನ ಯಜಮಾನನನ್ನು ಓಡಿಸಿದ ಬಳಿಕ, ಮೊಲೆಯುಣ್ಣುವ ಮರಿಗಳನ್ನು ಕೊಂದಿತ್ತು. ಇದೇನೋ ವಿಕೃತಿ, ಜಾಗ ಸಾಲದೆ ಕೆಟ್ಟ ಪ್ರಾಣಿಗಳ ನಡತೆ ಎಂದು ಬಹಳ ಮಂದಿ ತಳ್ಳಿಹಾಕಿದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಹಲವು ವರ್ಷಗಳಲ್ಲಿ ಮತ್ತೆ ಮತ್ತೆ ಹೋಗಿ ನೋಡಿ, ತಾಯಿ ಬೇಗ ಮತ್ತೆ ಬೆದೆಗೆ ಬರಲೆಂದು ಹೊಸ ಗಂಡು ಅನುಸರಿಸುವ ತಂತ್ರವಿದು ಎಂದು ವಾದಿಸಿದ ಮೇಲೆ, ವಿವಾದ ಎಳೆದಾಡಿಕೊಂಡೇ ಸಾಗಿದರೂ, ಧಾರವಾಡದ ಟಿಪ್ಪಣಿಗಳಿಗೆ ಬೆಲೆ ಬಂತು. ಒಂದೆರಡು ವರ್ಷದ ನೋಟ ಪ್ರಶ್ನೆಯನ್ನಷ್ಟೇ ಎತ್ತಬಲ್ಲದು. ಉತ್ತರಕ್ಕೆ ದಶಕಗಳು ಬೇಕು. ಮುಸುವ ಇಪ್ಪತ್ತು ವರ್ಷ ಬದುಕುವ ಪ್ರಾಣಿ. ಹೆಣ್ಣು ಕೋತಿ ಹುಟ್ಟಿದ ಹಿಂಡಿನಲ್ಲೇ ಸಾಯುತ್ತದೆ, ಗಂಡು ಪ್ರಾಯಕ್ಕೆ ಬಂದ ಮೇಲೆ ಬೇರೆ ಹಿಂಡು ಹುಡುಕುತ್ತದೆ. ಆದರೆ ಸಂಶೋಧನಾ ವೇತನ ಮೂರು ವರ್ಷಕ್ಕೆ ಮುಗಿಯುತ್ತದೆ. ಪೊಯ್ರಿಯೆ ಹೋದ ಮೇಲೆ ಅವರು ಹೆಸರಿಟ್ಟ ಹಿಂಡುಗಳ ಮೊಮ್ಮಕ್ಕಳ ಕಥೆಯನ್ನು ಅದೇ ಶೋಲಾಗಳಲ್ಲಿ ಯಾರಾದರೂ ತಲೆಮಾರಿನಿಂದ ತಲೆಮಾರಿಗೆ ಬರೆದಿಟ್ಟಿದ್ದರೆ ನೀಲಗಿರಿಯ ಅರವತ್ತು ವರ್ಷದ ಬದಲಾವಣೆ ಇಂದು ಒಂದು ಗ್ರಂಥವಾಗಿ ಸಿಗುತ್ತಿತ್ತು. ಟೀ ತೋಟ ಹಬ್ಬಿದ್ದು, ವಾಟಲ್ ಮತ್ತು ನೀಲಗಿರಿ ಮರದ ನೆಡುತೋಪು ಎದ್ದದ್ದು, ಹುಲ್ಲುಗಾವಲು ಕುಗ್ಗಿದ್ದು, ರೆಸಾರ್ಟುಗಳು ಬಂದದ್ದು ಎಲ್ಲವೂ ಆ ಒಂದು ಪ್ರಾಣಿಯ ಬಾಳಿನ ಮೂಲಕ ಅಳೆಯಲು ಆಗುತ್ತಿತ್ತು.

ಎಣಿಕೆಗೂ ಹೋರಾಟಕ್ಕೂ ಏನು ಸಂಬಂಧ ಎಂದು ಕೇಳುವವರು ನೀಲಗಿರಿಯ ನೈರುತ್ಯದ ಅಂಚಿನಿಂದ ಕೆಳಗೆ ನೋಡಿದರೆ ಸಾಕು, ಅಲ್ಲಿ ಸೈಲೆಂಟ್ ವ್ಯಾಲಿ ಇದೆ. ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟುವ ಕೇರಳದ ಯೋಜನೆಗೆ 1973ರಲ್ಲಿ ಯೋಜನಾ ಆಯೋಗ ಒಪ್ಪಿಗೆ ಕೊಟ್ಟಿತು. ಅದೇ ವರ್ಷಗಳಲ್ಲಿ, 1973ರಿಂದ 75ರವರೆಗೆ, ಸಂಶೋಧಕರಾದ ಸ್ಟೀವನ್ ಗ್ರೀನ್ ಮತ್ತು ಕ್ಯಾರೆನ್ ಮಿಂಕೋವ್‌ಸ್ಕಿ ತಿರುನೆಲ್ವೇಲಿಯ ಅಶಂಬು ಬೆಟ್ಟಗಳಲ್ಲಿ ಸಿಂಗಳೀಕಗಳನ್ನು ಅಧ್ಯಯನ ಮಾಡುತ್ತಿದ್ದರು. ಅವರ ಕೆಲಸದಿಂದಲೇ 1976ರಲ್ಲಿ ಕಳಕ್ಕಾಡು ಅಭಯಾರಣ್ಯವಾಯಿತು. ಅವರು ಮುಂದಿಟ್ಟ ಅಂದಾಜು ಕಾಡಿನಲ್ಲಿ ಉಳಿದ ಸಿಂಗಳೀಕಗಳು ನಾನೂರರ ಆಸುಪಾಸು ಎಂಬುದು. ಆ ಸಣ್ಣ ಸಂಖ್ಯೆ ಸೈಲೆಂಟ್ ವ್ಯಾಲಿಯ ಚಳವಳಿಗೆ ದೊಡ್ಡ ಆಯುಧವಾಯಿತು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಪ್ರೊ. ಎಂ.ಕೆ. ಪ್ರಸಾದ್, ಕವಯಿತ್ರಿ ಸುಗತಕುಮಾರಿ, ಸಲೀಂ ಅಲಿ, ಎಂ.ಎಸ್. ಸ್ವಾಮಿನಾಥನ್ ಎಲ್ಲರ ದನಿ ಸೇರಿ, ಎಂ.ಜಿ.ಕೆ. ಮೆನನ್ ಸಮಿತಿ ಪರಿಶೀಲಿಸಿ, 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರ ನವೆಂಬರಿನಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಈಗ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ: ಇಂದಿನ ಅಂದಾಜಿನಲ್ಲಿ ಸಿಂಗಳೀಕಗಳು 3,500ರಿಂದ 4,000ದಷ್ಟಿವೆ. ಅಂದರೆ ನಾನೂರು ಎಂಬುದು ತಪ್ಪು ಲೆಕ್ಕವೇ? ಪರಿಸರವಾದಿಗಳು ಭಯ ಹುಟ್ಟಿಸಿ ಗೆದ್ದರೇ? ಪ್ರಶ್ನೆಯನ್ನು ಜಾರಿಸಿಕೊಳ್ಳಬಾರದು. ಆ ಲೆಕ್ಕ ಕಡಿಮೆಯೇ ಆಗಿತ್ತು, ಯಾಕೆಂದರೆ ಅಂದು ಘಟ್ಟದ ಬಹುಪಾಲನ್ನು ಯಾರೂ ಕಾಲ್ನಡಿಗೆಯಲ್ಲಿ ನೋಡಿರಲಿಲ್ಲ. ಆದರೆ ಅದನ್ನು ತಿದ್ದಿದವರು ಯಾರು? ಅಣೆಕಟ್ಟೆಯ ಪರವಾದಿಗಳಲ್ಲ. ಸಿಂಗಳೀಕದ ಹಿಂದೆ ಮುಂದಿನ ಮೂವತ್ತು ವರ್ಷ ಕಾಡು ಸುತ್ತಿದ ಸಂಶೋಧಕರೇ ತಿದ್ದಿದರು, ತಮ್ಮ ವಾದಕ್ಕೆ ಅನಾನುಕೂಲವಾದರೂ ತಿದ್ದಿದರು. ಮುಂದಿನ ಮಾತಿಗೆ ಬಲ ಬರುವುದು ಹಿಂದಿನ ಸಂಖ್ಯೆಯನ್ನು ಹೀಗೆ ತಿದ್ದುವವರಿಗೆ ಮಾತ್ರ. ಅಂದಹಾಗೆ, ಪ್ರಾಣಿಯ ಸಂಖ್ಯೆ ನಾಲ್ಕು ಸಾವಿರ ಎಂದಾಕ್ಷಣ ಅದು ಸುಖವಾಗಿದೆ ಎಂದೇನೂ ಅಲ್ಲ. ಆ ನಾಲ್ಕು ಸಾವಿರ ತೋಟ, ರಸ್ತೆ, ಜಲಾಶಯಗಳ ನಡುವೆ ಹರಿದು ಹಂಚಿಹೋದ ಕಾಡಿನ ಚೂರುಗಳಲ್ಲಿವೆ. ಒಂದು ಚೂರಿನ ಗಂಡು ಇನ್ನೊಂದಕ್ಕೆ ಹೋಗಲಾರದು.

ತಿದ್ದುಪಡಿಯ ಬಹುದೊಡ್ಡ ಅಧ್ಯಾಯ ಬರೆದದ್ದು ಕನ್ನಡನಾಡಿನಲ್ಲಿ. ಕರ್ನಾಟಕದ ಸಿಂಗಳೀಕಗಳ ಸ್ಥಿತಿಗತಿಯನ್ನು ಎಂಬತ್ತರ ದಶಕದಲ್ಲೇ ಉಲ್ಲಾಸ ಕಾರಂತರು ಸಮೀಕ್ಷೆ ಮಾಡಿದ್ದರು. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಶಿಷ್ಯ ಎಚ್.ಎನ್. ಕುಮಾರ ಘಟ್ಟವನ್ನು ತುಂಡುತುಂಡಾಗಿ ಜಾಲಾಡಿ, ಶಿರಸಿ–ಹೊನ್ನಾವರ ಕಾಡಿನಲ್ಲಿ ದೊಡ್ಡ ಸಂಖ್ಯೆಯ ಸಿಂಗಳೀಕಗಳಿವೆ ಎಂದು 2004ರಲ್ಲಿ ಪ್ರಕಟಿಸಿದರು. ನಂತರದ ಎಣಿಕೆಯಲ್ಲಿ ಅಲ್ಲಿ 32 ಹಿಂಡುಗಳು ಸಿಕ್ಕವು. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕಾಡು ಒಂದಕ್ಕೊಂದು ಹೆಣೆದುಕೊಂಡ ಸೀಮೆಯದು, ಜನ ಅಲ್ಲಿಂದ ಎದ್ದು ಹೋಗುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ 2011ರಲ್ಲಿ ಬಂದದ್ದು ಅಭಯಾರಣ್ಯವಲ್ಲ, ಜನರ ಹಕ್ಕುಗಳನ್ನು ಉಳಿಸಿಕೊಂಡ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು. ಇಲ್ಲೂ ಮೊದಲು ಎಣಿಕೆ, ನಂತರ ವಕಾಲತ್ತು. ಎಣಿಕೆಯಿದ್ದುದರಿಂದಲೇ ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಸಾಕು ಎಂದು ಬಿಡಿಸಿ ಹೇಳಲು ಆಯಿತು. ಎಣಿಕೆಯಿಲ್ಲದ ಕಾಳಜಿಗೆ ಗೊತ್ತಿರುವುದು ಒಂದೇ ದಾರಿ, ಬೇಲಿ ಹಾಕಿ ಜನರನ್ನು ಹೊರಗಿಡುವುದು. ಅದರ ಸಿಟ್ಟನ್ನು ಮುದುಮಲೈ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಕೇಳಬಹುದು.

ಸಿಂಗಳೀಕ ಅಪರೂಪದ್ದು, ಅದಕ್ಕೆ ವಕೀಲರು ಸಿಕ್ಕರು. ಮಾಮೂಲಿ ಕೋತಿಯ ಕಥೆ ಬೇರೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಕೋತಿಗೆ ಬಹುಕಾಲ ಸಂರಕ್ಷಣಾ ಪಟ್ಟಿಗಳಲ್ಲಿ ‘ಚಿಂತೆಯಿಲ್ಲ’ ಎಂಬ ಪಂಕ್ತಿಯಲ್ಲೇ ಜಾಗ. ಎಲ್ಲೆಲ್ಲೂ ಕಾಣುವುದನ್ನು ಎಣಿಸುವವರ್ಯಾರು? ಮೈಸೂರಿನ ತಂಡ ಎಣಿಸಿತು. ಮೈಸೂರು ಸುತ್ತಲಿನ ಹೆದ್ದಾರಿಗಳ ಸಾಲುಮರಗಳಲ್ಲಿ ಬದುಕುತ್ತಿದ್ದ ಹಿಂಡುಗಳನ್ನು ಅದೇ ರಸ್ತೆಗಳಲ್ಲಿ ಕಾಲು ಶತಮಾನದುದ್ದಕ್ಕೂ ಮತ್ತೆ ಮತ್ತೆ ನೋಡಿ, ಅವುಗಳ ಸಂಖ್ಯೆ ಶೇ 65ಕ್ಕೂ ಹೆಚ್ಚು ಕುಸಿದಿದೆ ಎಂದು 2017ರಲ್ಲಿ ಪ್ರಕಟಿಸಿತು. ಕಾರಣಗಳು ನಿಗೂಢವಲ್ಲ. ರಸ್ತೆ ಅಗಲ ಮಾಡಲು ಆಲ, ಅತ್ತಿ, ಗೋಣಿ ಮರಗಳನ್ನು ಉರುಳಿಸಿದರು. ಊರಿನವರು ಹಿಡಿಸಿ ಬೇರೆಡೆ ಬಿಡಿಸಿದರು. ಮೈಸೂರಿನಾಚೆ, ಈ ಕೋತಿಯ ನೆಲೆಯ ಉತ್ತರದ ಅಂಚಿನಲ್ಲಿ, ಕೆಂಪುಮೋರೆಯ ರೀಸಸ್ ಕೋತಿ ದಕ್ಷಿಣಕ್ಕೆ ಒತ್ತುತ್ತಾ ಬಂತು. ಈ ಅಧ್ಯಯನದ ಹಿಂದೆಮುಂದೆಯೇ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೋತಿ ‘ಚಿಂತೆಯಿಲ್ಲ’ದಿಂದ ಅಪಾಯದ ಅಂಚಿನ ಪಂಕ್ತಿಗೆ ಬಂತು. ಮಾಮೂಲಿ ಎನ್ನುವ ಮಾತಿನ ಅಡಿಯಲ್ಲಿ ಮೂರರಲ್ಲಿ ಎರಡು ಪಾಲು ಪ್ರಾಣಿ ಕಣ್ಮರೆಯಾಗುವವರೆಗೆ ದಾರಿಹೋಕರಾರಿಗೂ ಏನೂ ಅನ್ನಿಸಲಿಲ್ಲ ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಉಳಿದ ಹಿಂಡುಗಳು ಬಸ್‌ಸ್ಟಾಂಡಿನಲ್ಲಿ, ದೇವಸ್ಥಾನದಲ್ಲಿ, ಘಾಟಿಯ ತಿರುವಿನಲ್ಲಿ ಒಟ್ಟಾಗಿ ಕೂತಿರುವುದರಿಂದ ಕೋತಿ ಹೆಚ್ಚಾಗಿದೆ ಎಂದೇ ಕಣ್ಣಿಗೆ ಕಾಣುತ್ತದೆ.

ಅದೇ ಮೈಸೂರು–ಊಟಿ ರಸ್ತೆ ಬಂಡೀಪುರ ದಾಟಿ ಮುದುಮಲೈಗೆ ಇಳಿದು, ತೆಪ್ಪಕಾಡಿನಲ್ಲಿ ಕವಲೊಡೆದು ಒಂದು ಮಸಿನಗುಡಿಗೂ ಇನ್ನೊಂದು ಗೂಡಲೂರಿಗೂ ಹೋಗುತ್ತದೆ. ಈ ದಾರಿಯ ಕೋತಿಗಳನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಅವರ ಫಲಿತಾಂಶಗಳನ್ನು ನೀಲಗಿರಿಯ ಪ್ರತಿ ಚೆಕ್‌ಪೋಸ್ಟಿನಲ್ಲೂ ತೂಗುಹಾಕಬೇಕು. ಕೋತಿಯ ಹಿಂಡಿನಲ್ಲಿ ಸಾಮಾನ್ಯವಾಗಿ ಹಲವು ಗಂಡುಗಳು ಹೊಂದಿಕೊಂಡು ಬಾಳುತ್ತವೆ. ಆ ಸಹನೆ ಈ ಜಾತಿಯ ಹೆಗ್ಗುರುತು. ಬಂಡೀಪುರ–ಮುದುಮಲೈಯಲ್ಲಿ ಮಾತ್ರ ಒಂದೇ ಗಂಡಿರುವ ಸಣ್ಣ ಹಿಂಡುಗಳು ಕಾಣಿಸಿಕೊಂಡವು. ಪ್ರವಾಸಿಗರು ಎಸೆದ ತಿಂಡಿ ಸಿಗುವಾಗ ಹೆಣ್ಣುಗಳ ನಡುವಿನ ಸಂಬಂಧವೂ ಬದಲಾಗುತ್ತದೆ: ಕಾಡಿನಲ್ಲಿ ಚದುರಿ ಮೇಯುವಾಗಿಲ್ಲದ ಜಗಳ, ಕಸಿದಾಟ ಹೆಚ್ಚುತ್ತದೆ. ಇನ್ನೊಂದು ಕುತೂಹಲದ ಸಂಗತಿ 2018ರಲ್ಲಿ ಹೊರಬಂತು. ಬಂಡೀಪುರದ ಕೋತಿಗಳು ಮನುಷ್ಯರ ಮುಂದೆ ಕೈಚಾಚಿ, ಬೇರೊಂದು ಬಗೆಯಲ್ಲಿ ಕೂಗಿ, ಎದುರಿನವನು ತನ್ನತ್ತ ನೋಡುತ್ತಿದ್ದಾನೆಯೇ ಎಂದು ಗಮನಿಸಿ ತಿಂಡಿ ಕೇಳುವುದನ್ನು ಕಲಿತಿವೆ. ಅಂದರೆ ಬೇಡುವುದು ಅವುಗಳ ಹುಟ್ಟುಗುಣವಲ್ಲ. ಕಾರಿನ ಕಿಟಕಿ ಇಳಿಸುವ ನಮ್ಮಿಂದ ಅವು ಕಲಿತ ಭಾಷೆ ಅದು. ಜಗತ್ತಿನ ಅತಿ ಪ್ರಸಿದ್ಧ ವಾನರ ಅಧ್ಯಯನಕ್ಕೂ ಈ ಪಾಠ ದುಬಾರಿಯಾಗಿಯೇ ದಕ್ಕಿತು. ಜೇನ್ ಗುಡಾಲ್ 1960ರಲ್ಲಿ ತಾಂಜಾನಿಯಾದ ಗೊಂಬೆ ಎಂಬಲ್ಲಿಗೆ ಹೋಗಿ, ಚಿಂಪಾಂಜಿಗಳನ್ನು ಹತ್ತಿರದಿಂದ ನೋಡಲೆಂದು ಬಾಳೆಹಣ್ಣಿನ ಕೇಂದ್ರ ಮಾಡಿದ್ದರು. ಹಣ್ಣಿನ ಆಸೆಗೆ ಒಂದೆಡೆ ನೆರೆದ ಪ್ರಾಣಿಗಳಲ್ಲಿ ಕಾದಾಟ ಹೆಚ್ಚಿತು, ನಡತೆಯೇ ಬದಲಾಯಿತು, ಅಲ್ಲಿ ಕಂಡದ್ದರಲ್ಲಿ ಸ್ವಭಾವವೆಷ್ಟು, ಬಾಳೆಹಣ್ಣೆಷ್ಟು ಎಂದು ಆಮೇಲೆ ವಿದ್ವಾಂಸರು ದಶಕಗಳ ಕಾಲ ವಾದಿಸಿದರು. ಗೊಂಬೆಯಲ್ಲಿ ಹಣ್ಣು ಹಾಕುವುದನ್ನು ನಿಲ್ಲಿಸಿದರು. ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವುಗಳಲ್ಲಿ ಅದಿನ್ನೂ ನಿಂತಿಲ್ಲ, ದಂಡದ ಫಲಕಗಳಿದ್ದೂ ನಿಂತಿಲ್ಲ.

ಇಲ್ಲಿ ರೈತರ ಮಾತನ್ನು ಕೇಳಲೇಬೇಕು. ಬಡಗರ ಹಟ್ಟಿಗಳ ಸುತ್ತಲಿನ ಆಲೂಗಡ್ಡೆ, ಕೋಸು, ಕ್ಯಾರೆಟ್ ಹೊಲಗಳಿಗೆ ನುಗ್ಗುವ ಕೋತಿಯ ಮುಂದೆ ಶೇ 65ರ ಕುಸಿತದ ಲೆಕ್ಕ ಓದಿದರೆ ಅದು ಅಣಕವಾಗಿ ಕೇಳಿಸುತ್ತದೆ. ಒಂದು ಬೆಳಗ್ಗೆ ಹಿಂಡು ಬಂದು ಹೋದರೆ ಸಣ್ಣ ಹಿಡುವಳಿದಾರನ ನಷ್ಟವನ್ನು ಯಾವ ಪ್ರಬಂಧವೂ ತುಂಬಿಕೊಡದು. ಕಾಡಾನೆ ತುಳಿದ ಬೆಳೆಗೆ ಪರಿಹಾರ ಕೇಳುವ ದಾರಿಯಾದರೂ ಒಂದಿದೆ, ಕೋತಿ ತಿಂದದ್ದನ್ನು ಅಳೆಯುವವರೇ ಇಲ್ಲ. ಇದು ನ್ಯಾಯವಾದ ದೂರು, ನನ್ನ ವಾದಕ್ಕೆ ವಿರುದ್ಧವಾದದ್ದೂ ಅಲ್ಲ. ಎಣಿಕೆಯಿಲ್ಲದೆ ಕೈಗೊಂಡ ಪರಿಹಾರಗಳೇ ರೈತನನ್ನು ಮತ್ತೆ ಮತ್ತೆ ಕೈಬಿಟ್ಟಿವೆ. ಎಲ್ಲರಿಗೂ ಮೊದಲು ಹೊಳೆಯುವುದು ಹಿಡಿದು ಕಾಡಿಗೆ ಬಿಡುವುದು. ಊರಿನಲ್ಲಿ ಹುಟ್ಟಿದ ಹಿಂಡನ್ನು ಕಾಡಿಗೆ ಬಿಟ್ಟರೆ ಅದು ಕಾಡಿನ ಹಿಂಡಿನೊಡನೆ ಬಡಿದಾಡುತ್ತದೆ, ಇಲ್ಲವೇ ಹತ್ತಿರದ ಇನ್ನೊಂದು ಊರು ಹುಡುಕುತ್ತದೆ. ಬೋನಿಗೆ ಸುಲಭವಾಗಿ ಬೀಳುವ ಹೆಣ್ಣುಮರಿಗಳು ಹೋಗಿ, ಪಳಗಿದ ಗಂಡುಗಳು ಉಳಿದರೆ ಹಿಂಡು ಒಡೆದು ಎರಡಾಗುವುದೂ ಉಂಟು. ಊಟಿಯ ಕೋತಿ ಗೂಡಲೂರಿನ ಸಮಸ್ಯೆಯಾಗುತ್ತದೆ, ಅಷ್ಟೇ. ಸಂತಾನಹರಣ ಮಾಡಿ ಎನ್ನುವವರು ಹಿಮಾಚಲ ಪ್ರದೇಶದತ್ತ ಬೆರಳು ತೋರಿಸುತ್ತಾರೆ. ಅಲ್ಲಿ 2007ರ ಹೊತ್ತಿಗೆ ಶುರುವಾದ ಕಾರ್ಯಕ್ರಮದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ರೀಸಸ್ ಕೋತಿಗಳಿಗೆ ಶಸ್ತ್ರಚಿಕಿತ್ಸೆಯಾಗಿದೆ. ಸರ್ಕಾರದ ಗಣತಿಯಲ್ಲಿ ಸಂಖ್ಯೆ ಇಳಿದಿದೆ, ಆದರೂ ಬೆಳೆಗಾರರ ದೂರು ನಿಂತಿಲ್ಲ, ಶಿಮ್ಲಾದಲ್ಲಿ ಕೋತಿಯನ್ನು ಕೊಲ್ಲಬಹುದಾದ ಉಪದ್ರವಿ ಪ್ರಾಣಿಯೆಂದು ಘೋಷಿಸುವವರೆಗೂ ವಿಷಯ ಹೋಯಿತು. ಬೆಳೆ ಹಾನಿ ನಿರ್ಧಾರವಾಗುವುದು ಕೋತಿಯ ಒಟ್ಟು ಸಂಖ್ಯೆಯಿಂದಲ್ಲ. ಯಾವ ಹಿಂಡು, ಯಾವ ತಿಂಗಳು, ಯಾವ ಕಾಡಿನ ಹಣ್ಣು ಕೈಕೊಟ್ಟಾಗ, ಯಾವ ಕಸದ ತೊಟ್ಟಿಯ ದಾರಿಯಾಗಿ ಹೊಲಕ್ಕೆ ಬರುತ್ತದೆ ಎಂಬುದೇ ಮುಖ್ಯ. ಇದನ್ನು ತಿಳಿಯಲು ಹಿಂಡಿಗೆ ಹೆಸರಿಟ್ಟು ವರ್ಷವಿಡೀ ಹಿಂಬಾಲಿಸಬೇಕು. ಹಾಗೆ ತಿಳಿದಾಗ ಕಡೆಗೆ ಸಂತಾನಹರಣವೇ ಸರಿ ಎಂದು ಒಂದೆರಡು ಊರಿನ ಮಟ್ಟಿಗೆ ತೀರ್ಮಾನವಾದರೆ ನಾನೇನೂ ಅಡ್ಡಬರುವವನಲ್ಲ. ಆ ತೀರ್ಮಾನ ಅಂಕಿಯಿಂದ ಬರಲಿ, ಜಿಲ್ಲಾ ಸಭೆಯ ಗದ್ದಲದಿಂದ ಬೇಡ. ಮಲೆನಾಡಿನಲ್ಲಿ ಮಂಕಿ ಪಾರ್ಕ್ ಬೇಕೆಂಬ ಕೂಗು ಎದ್ದಾಗಲೂ ನಡೆದದ್ದು ಇದೇ: ಎಷ್ಟು ಕೋತಿಗೆ, ಎಷ್ಟು ಎಕರೆ, ಏನು ತಿನ್ನಿಸಿ ಎಂಬುದಕ್ಕಿಂತ ಮೊದಲೇ ಎಲ್ಲಿ ಎಂಬ ಜಗಳ.

ಕೋತಿಗೆ ಹಣ್ಣು ಕೊಡುವುದು ಪುಣ್ಯವಲ್ಲವೇ ಎಂಬ ಮಾತನ್ನು ನಗೆಯಾಡಿ ತಳ್ಳುವ ವಿಜ್ಞಾನಿಗಳ ಬಗ್ಗೆ ನನಗೆ ಮೆಚ್ಚುಗೆಯಿಲ್ಲ. ನಮ್ಮ ದೇಶದಲ್ಲಿ ಕೋತಿ ಇಷ್ಟುಕಾಲ ಉಳಿದದ್ದರಲ್ಲಿ ಆ ಭಕ್ತಿಯ ಪಾಲು ದೊಡ್ಡದು. ಆದರೆ ಶನಿವಾರ ಊರ ಹನುಮನ ಗುಡಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಡುವುದೂ, ಹುಲಿ ಮೀಸಲಿನ ನಡುವೆ ಕಾರು ನಿಲ್ಲಿಸಿ ಚಿಪ್ಸ್ ಪೊಟ್ಟಣ ಎಸೆಯುವುದೂ ಒಂದೇ ಅಲ್ಲ. ಎರಡನೆಯದು ಪ್ರಾಣಿಯನ್ನು ಚಕ್ರದಡಿಗೆ ಕರೆತರುತ್ತದೆ. ಭಕ್ತರಿಗೆ ತಿಳಿಹೇಳಬೇಕಾದ ಭಾಷೆ ದಂಡದ್ದಲ್ಲ, ಅಂಕಿಯದು: ತಿಂಡಿ ಸಿಗುವ ತಿರುವಿನಲ್ಲಿ ವರ್ಷಕ್ಕೆ ಎಷ್ಟು ಮರಿ ವಾಹನಕ್ಕೆ ಸಿಕ್ಕಿ ಸತ್ತವು ಎಂದು ಅದೇ ತಿರುವಿನಲ್ಲಿ ಬರೆದರೆ ಸಾಕು. ಬರೆಯಲು ಲೆಕ್ಕ ಇಟ್ಟಿರಬೇಕಲ್ಲ!

ವಿಜ್ಞಾನಿ ತನ್ನ ಪಾಡಿಗೆ ಅಧ್ಯಯನ ಮಾಡಲಿ, ಹೋರಾಟ ಅವನ ಕೆಲಸವಲ್ಲ, ಪಕ್ಷ ವಹಿಸಿದವನ ಅಂಕಿಯನ್ನು ನಂಬುವುದು ಹೇಗೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಗುಡಾಲ್ ಬದುಕು ಇಲ್ಲಿ ನೆನಪಾಗುತ್ತದೆ. ಇಪ್ಪತ್ತೈದು ವರ್ಷ ಗೊಂಬೆಯನ್ನು ನೋಡಿದ ಅವರು 1986ರಲ್ಲಿ ಷಿಕಾಗೋದ ಒಂದು ಸಮ್ಮೇಳನಕ್ಕೆ ವಿಜ್ಞಾನಿಯಾಗಿ ಹೋಗಿ ಹೋರಾಟಗಾರ್ತಿಯಾಗಿ ಹೊರಬಂದರು ಎಂಬುದು ಅವರೇ ಹೇಳುತ್ತಿದ್ದ ಕಥೆ. ಆಫ್ರಿಕಾದುದ್ದಕ್ಕೂ ಕಾಡು ಹೋಗುತ್ತಿರುವುದನ್ನು ಒಬ್ಬೊಬ್ಬರೂ ತಮ್ಮತಮ್ಮ ತಾಣದಿಂದ ವರದಿ ಮಾಡಿದಾಗ ಸುಮ್ಮನಿರಲು ಆಗಲಿಲ್ಲ. 2025ರ ಅಕ್ಟೋಬರ್ 1ರಂದು ತೀರಿಕೊಂಡಾಗಲೂ 91ರ ಆ ಹಿರಿಯೆ ಭಾಷಣದ ಪ್ರವಾಸದಲ್ಲೇ ಇದ್ದರು. ಗಮನಿಸಬೇಕಾದದ್ದು ಅವರ ಮಾತಿಗಿಂತ, ಅವರು ಮಾತಾಡಲು ಹೊರಟ ಮೇಲೂ ಗೊಂಬೆಯ ದಾಖಲೆ ನಿಲ್ಲಲಿಲ್ಲ ಎಂಬುದು. ಬೇರೆಯವರು, ಅದರಲ್ಲೂ ತಾಂಜಾನಿಯಾದ ಸ್ಥಳೀಯ ಸಹಾಯಕರು, ದಿನವೂ ಬರೆಯುತ್ತಲೇ ಬಂದರು. ಹೋರಾಟಗಾರನ ಅಂಕಿಯನ್ನು ನಂಬಬಹುದೇ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ: ಬರೆಯುವವರು ಹಲವರಿರಲಿ, ದಾಖಲೆ ತೆರೆದಿರಲಿ, ಬೇಕಾದವರು ಮತ್ತೆ ಎಣಿಸಲಿ. ನಮ್ಮಲ್ಲೂ ಇದಕ್ಕೆ ನಿದರ್ಶನವಿದೆ. ಅಲಿಗಢದ ಎಂ.ಎಫ್. ಸಿದ್ದಿಕಿ ಅಮೆರಿಕದ ಚಾರ್ಲ್ಸ್ ಸೌತ್‌ವಿಕ್ ಜೊತೆಗೂಡಿ ಅಲಿಗಢ ಜಿಲ್ಲೆಯ ರೀಸಸ್ ಕೋತಿಗಳನ್ನು 1959ರಿಂದ ದಶಕಗಟ್ಟಲೆ ಎಣಿಸಿದರು. ಪ್ರಯೋಗಾಲಯಗಳಿಗೆಂದು ಲಕ್ಷಗಟ್ಟಲೆ ಕೋತಿಗಳನ್ನು ವಿದೇಶಕ್ಕೆ ಸಾಗಿಸುತ್ತಿದ್ದ ಕಾಲ ಅದು. ಊರೂರುಗಳಲ್ಲಿ ಕೋತಿ ಕಡಿಮೆಯಾಗುತ್ತಿರುವುದು ಅವರ ಪಟ್ಟಿಯಲ್ಲಿ ಕಂಡಿತು. 1978ರಲ್ಲಿ ಭಾರತ ರಫ್ತು ನಿಲ್ಲಿಸಿದ ಮೇಲೆ ಮತ್ತೆ ಏರಿದ್ದೂ ಅದೇ ಪಟ್ಟಿಯಲ್ಲಿ ಕಂಡಿತು. ಇಳಿದದ್ದನ್ನು ಹೇಳಿದ ಪಟ್ಟಿಯೇ ಏರಿದ್ದನ್ನೂ ಹೇಳಿತು. ಪಕ್ಷಪಾತಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ತಿಳಿಯದು.

ಪ್ರಾಣಿಯ ಮೇಲೆ ಕರುಣೆಯಿಲ್ಲದವರಿಗೂ ಒಪ್ಪಿಗೆಯಾಗಬೇಕಾದ ಕಾರಣ ಒಂದಿದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಬಹುಕಾಲ ಮಲೆನಾಡಿಗಷ್ಟೇ ಸೀಮಿತ ಎಂದೇ ನಂಬಿದ್ದರು. 2012ರ ಕೊನೆಗೆ ಬಂಡೀಪುರದ ಮದ್ದೂರು ವಲಯದಲ್ಲಿ ಕೋತಿಗಳು ಸಾಯತೊಡಗಿದವು. ಸತ್ತ ಕೋತಿಗಳನ್ನು ಸುಡಲು ಹೋದ ಅರಣ್ಯ ಸಿಬ್ಬಂದಿಗೇ ಜ್ವರ ತಗುಲಿತು. ಅದೇ ಹೊತ್ತಿಗೆ ನೀಲಗಿರಿಯ ಕಡೆಯ ಕೋತಿಯಲ್ಲೂ ವೈರಸ್ ಪತ್ತೆಯಾಯಿತು. ಉಣ್ಣೆಯಿಂದ ಹರಡುವ ಈ ರೋಗದಲ್ಲಿ ಮನುಷ್ಯರಿಗಿಂತ ಮೊದಲು ಸಾಯುವುದು ಮುಸುವ ಮತ್ತು ಕೋತಿ. ಹಿಂಡಿನಲ್ಲಿ ಎಷ್ಟಿದ್ದವು, ಕಳೆದ ವಾರ ಎಷ್ಟು ಕಡಿಮೆಯಾದವು ಎಂಬ ಲೆಕ್ಕವಿರುವ ಕಾಡಿನಲ್ಲಿ ರೋಗದ ಸುಳಿವು ಜನರಿಗೆ ಮುಟ್ಟುವ ಮೊದಲೇ ಸಿಗುತ್ತದೆ. ಲೆಕ್ಕವಿಲ್ಲದ ಕಾಡಿನಲ್ಲಿ ವಾಸನೆ ಬಂದ ಮೇಲೆ ಸಿಗುತ್ತದೆ. ಮಸಿನಗುಡಿಯ ಸೌದೆ ತರುವ ಹೆಂಗಸರಿಗೆ, ದನ ಮೇಯಿಸುವವರಿಗೆ, ಮುದುಮಲೈಯ ವಾಚರುಗಳಿಗೆ ಈ ವ್ಯತ್ಯಾಸ ಜೀವದ್ದು.

ಹುಲಿ, ಆನೆ ಉಳಿದರೆ ಉಳಿದವೆಲ್ಲ ತಾವಾಗಿಯೇ ಉಳಿಯುತ್ತವೆ, ಕೋತಿಗೆಂದು ಬೇರೆ ಖರ್ಚೇಕೆ ಎಂಬ ಮಾತೂ ಇದೆ. ಹುಲಿ ಮೀಸಲಿನೊಳಗೆ ಇದು ಅರ್ಧ ನಿಜ. ಸೀಗೂರಿನ ಆನೆ ಕಾರಿಡಾರಿಗಾಗಿ ಸರ್ಕಾರ 2010ರಲ್ಲಿ ಹೊರಡಿಸಿದ ಆದೇಶವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿದಾಗ ಆ ಕಾಡಿನ ಮುಸುವ, ಕೋತಿಗಳಿಗೂ ಲಾಭವಾಯಿತು, ಒಪ್ಪೋಣ. ಆದರೆ ಕರಿಮುಸುವನ ಮನೆ ಹುಲಿಯ ಕಾಡಿಗಿಂತ ಹೆಚ್ಚಾಗಿ ಎತ್ತರದ ಶೋಲಾದ ಚೂರುಗಳು, ಟೀ ತೋಟದ ಮಗ್ಗುಲಿನ ಹಳ್ಳದ ಮರಗಳು. ಲೇಹ್ಯಕ್ಕೆಂದು, ಚರ್ಮಕ್ಕೆಂದು ಒಂದು ಕಾಲದಲ್ಲಿ ಗುಂಡಿಗೆ ಬಲಿಯಾಗಿ ಬರಿದಾಗಿದ್ದ ಪ್ರಾಣಿ 1972ರ ಕಾಯ್ದೆಯ ಆಸರೆಯಲ್ಲಿ ಚೇತರಿಸಿಕೊಂಡಿತು. ಈಗ ಅದರ ಮುಂದಿರುವ ಪ್ರಶ್ನೆ ಬೇಟೆಯದಲ್ಲ, ಮರದ್ದು. ಪರದೇಶದಿಂದ ತಂದ ವಾಟಲ್, ಸೆನ್ನಾ, ಲಂಟಾನ ತೆಗೆದು ಹುಲ್ಲುಗಾವಲು, ಶೋಲಾ ಮರಳಿ ತರಬೇಕೆಂದು ಮದ್ರಾಸ್ ಹೈಕೋರ್ಟ್ ಒತ್ತಾಯಿಸಿದೆ, ತಮಿಳುನಾಡು 2022ರಲ್ಲಿ ನೀತಿಯನ್ನೂ ರೂಪಿಸಿದೆ. ಕೆಲಸ ಆಗಲೇಬೇಕಾದದ್ದು. ಆದರೆ ಶೋಲಾ ಚೂರಾದ ಕಡೆ ಕರಿಮುಸುವ ವಾಟಲ್ ಎಲೆಯನ್ನೂ ತಿಂದು, ವಾಟಲ್ ಕೊಂಬೆಯಲ್ಲೇ ಒಂದು ಚೂರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಯಾವ ಇಳಿಜಾರಿನ ವಾಟಲನ್ನು ಮೊದಲು ಕಡಿಯಬೇಕು, ಯಾವುದನ್ನು ಶೋಲಾ ಸಸಿ ಎದ್ದು ನಿಲ್ಲುವವರೆಗೆ ಬಿಡಬೇಕು ಎಂಬುದನ್ನು ಹುಲಿಯ ಕ್ಯಾಮೆರಾ ಹೇಳದು. ಅದನ್ನು ಹೇಳಬಲ್ಲವರು ಆ ಹಿಂಡಿನ ಹಿಂದೆ ನಡೆದವರು ಮಾತ್ರ. ಅನಾಮಲೈಯ ವಾಲ್ಪಾರೈಯಲ್ಲಿ ಟೀ ತೋಟಗಳ ನಡುವೆ ಸಿಲುಕಿದ ಸಿಂಗಳೀಕಗಳಿಗೆ ರಸ್ತೆಯ ಮೇಲೆ ಎಲ್ಲಿ ತೂಗುಸೇತುವೆ ಕಟ್ಟಬೇಕು ಎಂದು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸರಿಯಾಗಿ ಗುರುತಿಸಿದ್ದು ಹೀಗೆ ವರ್ಷಗಟ್ಟಲೆ ಜೊತೆಗಿದ್ದುದರಿಂದ.

ನಡೆಯುವವರು ಯಾರು? ದೂರದ ವಿಶ್ವವಿದ್ಯಾಲಯದಿಂದ ಮೂರು ವರ್ಷಕ್ಕೆ ಬಂದು ಹೋಗುವವರನ್ನೇ ನೆಚ್ಚಿದರೆ ಪೊಯ್ರಿಯೆ ಕಥೆಯೇ ಪುನರಾವರ್ತನೆ. ಬೆಟ್ಟಕುರುಂಬರು, ಕಾಟುನಾಯಕರು, ಇರುಳರು ಇಲ್ಲಿನ ಸಂಶೋಧನೆಗಳಿಗೆಲ್ಲ ದಾರಿ ತೋರಿದವರು. ಹೆಚ್ಚಿನ ಪ್ರಬಂಧಗಳಲ್ಲಿ ಅವರು ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಸಿಗುತ್ತಾರೆ, ಸಂಬಳದ ಪಟ್ಟಿಯಲ್ಲಿ ದಿನಗೂಲಿಯಾಗಿ ಸಿಗುತ್ತಾರೆ. ಅವರಲ್ಲಿ ಕೆಲವರಿಗಾದರೂ ಹಿಂಡಿನ ದಾಖಲೆಗಾರರೆಂದು ಕಾಯಂ ನೌಕರಿ ಕೊಟ್ಟು, ಬರೆದದ್ದರ ಮೇಲೆ ಅವರದೇ ಹೆಸರು ಹಾಕುವುದು ದೊಡ್ಡ ವೆಚ್ಚವಲ್ಲ. ತಾರ್ ಎಣಿಸಲು ಬಂಡೆ ಹತ್ತುವ ಇಲಾಖೆಗೆ ಕೋತಿ ಎಣಿಸಲು ರಸ್ತೆಬದಿ ನಡೆಯುವುದು ಕಷ್ಟವಾಗದು. ಕೊಯಮತ್ತೂರಿನ ಆನೈಕಟ್ಟಿಯಲ್ಲಿ ಸಲೀಂ ಅಲಿ ಹೆಸರಿನ ಸಂಸ್ಥೆಯಿದೆ, ಮಸಿನಗುಡಿಯಲ್ಲಿ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರವಿದೆ, ಮೈಸೂರಿನಲ್ಲಿ ಹಳೆಯ ಪಟ್ಟಿಗಳಿವೆ. ಇಲ್ಲದ್ದು ಒಂದೇ ದಾರಿಯಲ್ಲಿ ಪ್ರತಿವರ್ಷ ಅದೇ ತಿಂಗಳು ನಡೆಯುವ ಹಟ. ಮೊದಲ ವರ್ಷದ ನಡಿಗೆ ಮುದುಮಲೈಯ ಒಳಗಿನಿಂದ ಬೇಡ, ಗೂಡಲೂರಿನಿಂದ ಶುರುವಾಗಲಿ. ಜನ್ಮಿಗಳ ಎಸ್ಟೇಟುಗಳನ್ನು ರದ್ದುಮಾಡಿದ 1969ರ ಜನ್ಮಂ ಕಾಯ್ದೆಯ ಹದಿನೇಳನೇ ಕಲಮಿನಡಿ ಸಿಕ್ಕಿಕೊಂಡು ಕಾಡೋ ಕಂದಾಯವೋ ತೋಟವೋ ಎಂದು ಅರ್ಧ ಶತಮಾನದಿಂದ ಇತ್ಯರ್ಥವಾಗದ ಸಾವಿರಾರು ಎಕರೆ ಅಲ್ಲಿದೆ. ಯಾರದೆಂದು ತೀರ್ಮಾನವಾಗದ ನೆಲದ ಪ್ರಾಣಿಯನ್ನು ಎಣಿಸುವ ಹೊಣೆ ಇದುವರೆಗೂ ಯಾರದೂ ಆಗಿಲ್ಲ. ನಾಳೆ ಆ ವ್ಯಾಜ್ಯ ತೀರಿ ಮರಕ್ಕೆ ಗರಗಸ ಬೀಳುವ ಹೊತ್ತಿಗೆ ಅಲ್ಲಿ ಯಾವ ಹಿಂಡು ಬಾಳುತ್ತಿತ್ತು ಎಂದು ನ್ಯಾಯಾಲಯ ಕೇಳಿದರೆ ತೋರಿಸಲು ಒಂದು ಪುಟವಾದರೂ ಇರಬೇಕು.